ರೇಮಂಡ್ ಕೊಟ್ಟ ಉದಾಹರಣೆ

ಪೆಟಾಲಿಂಗ್ ಜಯಾದ ಒಂದು ಖಾಸಗಿ ಕಾಲೇಜಿನಲ್ಲಿ ರೇಮಂಡ್ ಕಸ್ತೆಲಿನೊ ಇಪ್ಪತ್ತಾರು ವರ್ಷ ರಾಜಕೀಯ ಚಿಂತನೆಯ ಪಾಠ ಹೇಳಿದ. ಪದವಿಯ ಮೊದಲೆರಡು ವರ್ಷ ಮಲೇಷ್ಯಾದಲ್ಲೇ ಓದಿ, ಉಳಿದದ್ದನ್ನು ಅಮೆರಿಕಕ್ಕೆ ಹೋಗಿ ಮುಗಿಸುವವರ ಕಾಲೇಜು ಅದು. ಎಂಜಿನಿಯರಿಂಗಿಗೆಂದು ಬಂದ ಮಕ್ಕಳಿಗೆ ಅವನ ವಿಷಯ ಕಡ್ಡಾಯವಾಗಿತ್ತೇ ಹೊರತು ಬೇಕಾಗಿರಲಿಲ್ಲ. ಆದರೂ ಮೊದಲ ದಿನವೇ ಅವರನ್ನು ಹಿಡಿದು ಕೂರಿಸುವುದು ಅವನಿಗೆ ಗೊತ್ತಿತ್ತು. ಬೋರ್ಡಿನ ಮೇಲೆ ಏನನ್ನೂ ಬರೆಯದೆ, ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟುಕೊಂಡು, ತಾನು ಇಪ್ಪತ್ತನೇ ವಯಸ್ಸಿಗೆ ಕಮ್ಯುನಿಸ್ಟ್ ಆಗಿದ್ದೆನೆಂದೂ ಇಪ್ಪತ್ತಮೂರಕ್ಕೆ ಅದನ್ನು ಬಿಟ್ಟೆನೆಂದೂ, ಯಾಕೆ ಬಿಟ್ಟೆ ಎನ್ನುವುದೇ ಈ ಸೆಮಿಸ್ಟರಿನ ಪಾಠವೆಂದೂ ಹೇಳಿಬಿಡುತ್ತಿದ್ದ. ಕ್ಲಾಸು ಮೊಬೈಲು ಕೆಳಗಿಡುತ್ತಿತ್ತು.

ಹೇಳಿದ್ದು ಸುಳ್ಳಲ್ಲ. ಮಂಗಳೂರಿನಲ್ಲಿ ಅವನ ಅಪ್ಪ ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆಯೊಂದರ ಗುಮಾಸ್ತ. ಕಾಲೇಜಿನಲ್ಲಿ ರೇಮಂಡ್‌ಗೆ ನಿತ್ಯಾನಂದನೆಂಬ ಗೆಳೆಯ ಸಿಕ್ಕಿದ. ಬೀಡಿ ಕಟ್ಟುವ ತಾಯಿಯ ಮಗ, ಗಂಟಲು ಕಟ್ಟುವವರೆಗೂ ಭಾಷಣ ಮಾಡುವವನು. ಇಬ್ಬರೂ ಕಾರ್ಖಾನೆಗಳ ಗೇಟಿನ ಮುಂದೆ ಕರಪತ್ರ ಹಂಚಿದರು. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಭಾನುವಾರ ಅಧ್ಯಯನ ಕೂಟ ನಡೆಸಿದರು. ಸರಿಯಾಗಿ ಇಗರ್ಜಿಯಲ್ಲಿ ಬಲಿಪೂಜೆ ನಡೆಯುವ ಹೊತ್ತಿಗೇ ಆ ಕೂಟ ಸೇರುತ್ತದೆ ಎನ್ನುವುದು ರೇಮಂಡ್‌ನ ತಾಯಿಗೆ ದೊಡ್ಡ ಕೊರಗಾಗಿತ್ತು.

1981ರ ಡಿಸೆಂಬರಿನಲ್ಲಿ ಪೋಲೆಂಡಿನ ಸುದ್ದಿ ಬಂತು. ಅಲ್ಲಿ ಹಡಗು ಕಟ್ಟುವ ಕಾರ್ಮಿಕರು ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಕಾರ್ಮಿಕರ ಹೆಸರಿನಲ್ಲಿ ಆಳುತ್ತಿದ್ದ ಸರ್ಕಾರ ಆ ಸಂಘವನ್ನು ಮುರಿಯಲು ಬೀದಿಗೆ ಟ್ಯಾಂಕು ಇಳಿಸಿತು. ಭಾನುವಾರದ ಕೂಟದಲ್ಲಿ ರೇಮಂಡ್ ಎದ್ದು ನಿಂತು, ಇದನ್ನು ಖಂಡಿಸಿ ನಾವೊಂದು ಮಾತು ಬರೆಯಬೇಕೋ ಬೇಡವೋ ಎಂದು ಕೇಳಿದ. ಯಾರೂ ಉತ್ತರಿಸಲಿಲ್ಲ. ಕೂಟ ಮುಗಿದು ಮೆಟ್ಟಿಲು ಇಳಿಯುವಾಗ ನಿತ್ಯಾನಂದ ಅವನ ಹೆಗಲ ಮೇಲೆ ಕೈ ಹಾಕಿ, "ಸ್ವಲ್ಪ ದಿನ ಸುಮ್ಮನಿರು ಮಾರಾಯ, ಅಲ್ಲಿಯ ಸಂಗತಿ ನಮಗೆ ಪೂರ್ತಿ ಗೊತ್ತುಂಟಾ?" ಎಂದ. ರೇಮಂಡ್ ಸುಮ್ಮನಿರಲಿಲ್ಲ. ಕೆಥೊಲಿಕ್ ವಾರಪತ್ರಿಕೆಯೊಂದಕ್ಕೆ ತಾನು ಹೊರಬಂದದ್ದೇಕೆ ಎಂದು ಲೇಖನ ಬರೆದ. ಅದು ಕೈಯಿಂದ ಕೈಗೆ ಹೋಯಿತು. ಬಿಷಪರು ಓದಿದರು. ಒಬ್ಬ ಯೇಸುಸಭೆಯ ಪಾದ್ರಿ ಅದನ್ನು ಇಂಗ್ಲಿಷಿಗೆ ಮಾಡಿಸಿ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಕಳಿಸಿದರು, ಅಲ್ಲಿಂದ ಸ್ಕಾಲರ್‌ಶಿಪ್ ಬಂತು. ನಿತ್ಯಾನಂದ ಮತ್ತೆಂದೂ ಅವನೊಂದಿಗೆ ಮಾತಾಡಲಿಲ್ಲ. ನಂಬಿಕೆಯನ್ನು ಬಿಟ್ಟುಬಂದವನ ಮಾತಿಗೆ ಎಷ್ಟು ಬೆಲೆಯಿದೆ ಎಂಬುದು ರೇಮಂಡ್‌ಗೆ ಆಗಲೇ ತಿಳಿಯಿತು.

ಅಮೆರಿಕದಲ್ಲಿ ಅವನಿಗೆ ಗುರುವಾಗಿ ಸಿಕ್ಕವರು ಎಪ್ಪತ್ತರ ಹತ್ತಿರದ ಒಬ್ಬ ಪ್ರೊಫೆಸರು. ನ್ಯೂಯಾರ್ಕಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಯಹೂದಿಯೊಬ್ಬನ ಮಗ. ಅವರು ಓದಿದ್ದು ಫೀಸಿಲ್ಲದ ಕಾಲೇಜಿನಲ್ಲಿ. ಅಲ್ಲಿನ ಊಟದ ಕೋಣೆಯಲ್ಲಿ ಸ್ಟಾಲಿನ್‌ನನ್ನು ಒಪ್ಪುವವರು ಒಂದು ಮೂಲೆ ಹಿಡಿದರೆ, ಒಪ್ಪದ ಎಡಪಂಥೀಯರು ಪಕ್ಕದ ಮೂಲೆ ಹಿಡಿಯುತ್ತಿದ್ದರಂತೆ. ಇಡೀ ಮಧ್ಯಾಹ್ನ ವಾದ, ಊಟಕ್ಕೆ ಮಾತ್ರ ಮನೆಯಿಂದ ತಂದ ಒಣ ಬ್ರೆಡ್ಡು. ಆ ಎರಡನೇ ಮೂಲೆಯ ಕೆಲವರು ವಯಸ್ಸಾಗುತ್ತಾ ಬಲಕ್ಕೆ ಸರಿದರು. ಎದುರಾಳಿಗಳು ಅವರನ್ನು ನವ ಸಂಪ್ರದಾಯವಾದಿಗಳೆಂದು ಕರೆದದ್ದು ಬೈಗುಳವಾಗಿ. ಅವರಲ್ಲಿ ಕೆಲವರು ಆ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು.

ಪ್ರೊಫೆಸರು ಕಲಿಸಿದ್ದರಲ್ಲಿ ರೇಮಂಡ್ ಎದೆಗೆ ಹಚ್ಚಿಕೊಂಡದ್ದು ಮುಖ್ಯವಾಗಿ ಒಂದು ಮಾತು. ಬಡತನ ತೊಲಗಿಸಲು ಹೊರಟ ಸರ್ಕಾರ, ಮನಸ್ಸಿನಲ್ಲಿ ಎಷ್ಟೇ ಒಳ್ಳೆಯದಿದ್ದರೂ, ತಾನು ಬಯಸದೇ ಇದ್ದದ್ದನ್ನು ಮಾಡಿಬಿಡುತ್ತದೆ. ನೆರವಿನ ಮೇಲೆ ನೆರವು ಬಂದಾಗ ಮನುಷ್ಯನಿಗೆ ಬೆನ್ನೆಲುಬಾಗಿದ್ದ ಕುಟುಂಬ, ಕೆಲಸ, ದೇವರ ಭಯ, ನಾಚಿಕೆ ಎಲ್ಲ ಸಡಿಲವಾಗುತ್ತವೆ. ಮಾರುಕಟ್ಟೆ ವಸ್ತುಗಳನ್ನು ಕೊಟ್ಟೀತು, ಗುಣವನ್ನು ಕೊಡಲಾರದು. ಗುಣ ಬರುವುದು ಮನೆಯಿಂದ, ಗುಡಿ ಇಗರ್ಜಿಗಳಿಂದ. ಅದನ್ನು ಹಾಳುಮಾಡುವವರು ಬಡವರಲ್ಲ, ಬಡವರ ಪರವಾಗಿ ಮಾತಾಡುವ ಓದಿದ ವರ್ಗದವರು. ಇದರ ಜೊತೆಗೆ, ಜರ್ಮನಿಯಿಂದ ಓಡಿಬಂದು ಪ್ರಾಚೀನ ಗ್ರೀಕರನ್ನು ಪಾಠ ಹೇಳಿದ ಇನ್ನೊಬ್ಬ ಗುರುವಿನಿಂದ ಅವರ ಬಳಗಕ್ಕೆ ಬಂದ ಎಚ್ಚರಿಕೆಯೂ ಇತ್ತು: ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸವಿಲ್ಲ ಎನ್ನುವ ನಾಡು ತನ್ನನ್ನು ತಾನು ಉಳಿಸಿಕೊಳ್ಳಲಾರದು. ಹಾಗಾಗಿ ಪ್ರಜಾಪ್ರಭುತ್ವ ತನ್ನ ಬಲಕ್ಕೆ ನಾಚಬಾರದು, ಬೇಕಾದಲ್ಲಿ ಅದನ್ನು ಪ್ರಯೋಗಿಸಬೇಕು. ಪೋಲೆಂಡಿನ ಟ್ಯಾಂಕು ಕಣ್ಣ ಮುಂದಿದ್ದ ರೇಮಂಡ್‌ಗೆ ಇದೆಲ್ಲ ತನ್ನ ಎದೆಯ ಮಾತೇ ಅನ್ನಿಸಿತು.

1995ರಲ್ಲಿ ಅವನು ಹೆಂಡತಿ ಕ್ರಿಸ್ಟಿನ್ ಜೊತೆ ಮಲೇಷ್ಯಾಕ್ಕೆ ಬಂದ. ಅವಳಿಗೆ ಶಿಪ್ಪಿಂಗ್ ಕಂಪನಿಯ ಆಫೀಸಿನಲ್ಲಿ ಕೆಲಸವಾಯಿತು. ಸಹೋದ್ಯೋಗಿಗಳು ಈಜುಕೊಳವಿದ್ದ ಕಾಂಡೋಗಳಿಗೆ ಹೋದರೂ ರೇಮಂಡ್ ಹೋಗಲಿಲ್ಲ. ಲಿಫ್ಟಿಲ್ಲದ ಐದು ಮಹಡಿಯ ಹಳೇ ಫ್ಲ್ಯಾಟು ಕಟ್ಟಡದ ಎರಡನೇ ಮಹಡಿಯಲ್ಲಿ ಮನೆ ಮಾಡಿದ. ಓದಿದವರ ನಡುವೆಯೇ ಬದುಕಿದರೆ ಸಾಮಾನ್ಯರ ಬುದ್ಧಿ ಮರೆತುಹೋಗುತ್ತದೆ ಎನ್ನುವುದು ಅವನ ವಾದ. ಮೆಟ್ಟಿಲು ಹತ್ತಿಳಿಯುವ ಕ್ರಿಸ್ಟಿನ್‌ಗೆ ಆ ವಾದ ಅಷ್ಟೇನೂ ಹಿಡಿಸಿರಲಿಲ್ಲ.

ಸಾಮಾನ್ಯರೆಂದರೆ ಅವನ ಮಟ್ಟಿಗೆ ಸೀತಾಲಕ್ಷ್ಮಿ. ಕಾಲೇಜಿನ ಕ್ಯಾಂಟೀನಿನಲ್ಲಿ ದೋಸೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನದ ನಾಸಿ ಲೆಮಾಕ್ ಮಾಡಿ ಮಾರುತ್ತಿದ್ದವಳು. ಒಮ್ಮೆ ಅವನು ಬೆಂಗಳೂರಿನ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುವಷ್ಟರಲ್ಲಿ ಅವಳು ಸೌಟು ಹಿಡಿದೇ ಬಂದು ನಿಂತಿದ್ದಳು. "ಸಾರ್, ನೀವು ಮಾತಾಡಿದ್ದು ಕನ್ನಡಾನೇ ಅಲ್ವಾ? ನಂದು ಕೆಜಿಎಫ್ಫು. ಚಾಂಪಿಯನ್ ರೀಫು." ಅವಳ ಅಪ್ಪ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದ. ಮನೆಮಾತು ತಮಿಳು, ಏಳನೇ ಕ್ಲಾಸಿನ ತನಕ ಕನ್ನಡ ಶಾಲೆ. ಕ್ಲಾಂಗ್ ಊರಿನ ಲಾರಿ ಡ್ರೈವರನನ್ನು ಮದುವೆಯಾಗಿ ಇಲ್ಲಿಗೆ ಬಂದಿದ್ದಳು. ಮಗಳು ಜಯಮಾಲಾಗೆ ಎಂಟು ವರ್ಷವಾಗುವಾಗ ಗಂಡ ತೀರಿಕೊಂಡ. ಅಂದಿನಿಂದ ಬೆಳಗಿನ ನಾಲ್ಕಕ್ಕೆ ಎದ್ದು ತೆಂಗಿನಕಾಯಿ ಹಿಂಡುವುದೇ ಬದುಕು. ರೇಮಂಡ್ ಇದ್ದ ಕಟ್ಟಡದ್ದೇ ಮೂರನೇ ಮಹಡಿಯಲ್ಲಿ ಅವಳ ಮನೆ.

2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿತು. ಕೌಲಾಲಂಪುರದ ಒಂದು ವಿಚಾರ ಸಂಕಿರಣದಲ್ಲಿ ರೇಮಂಡ್ ಆ ಯುದ್ಧದ ಪರವಾಗಿ ಮಾತಾಡಿದ. ಸರ್ವಾಧಿಕಾರಿಯನ್ನು ಕಿತ್ತರೆ ಆ ನೆಲದಲ್ಲಿ ಪ್ರಜಾಪ್ರಭುತ್ವ ತಾನೇ ಚಿಗುರುತ್ತದೆ ಎಂದ. ಸಭೆಯಲ್ಲಿ ಗದ್ದಲವೆದ್ದಿತು. ಕಾಲೇಜಿನ ಅಧ್ಯಾಪಕರು ಅವನ ಟೇಬಲಿಗೆ ಬಂದು ಕೂರುವುದನ್ನು ನಿಲ್ಲಿಸಿದರು. ಆ ತಿಂಗಳುಗಳಲ್ಲಿ ಅವನ ತಟ್ಟೆಯ ಬಳಿ ನಿಂತು ನಾಲ್ಕು ಮಾತಾಡುತ್ತಿದ್ದವಳು ಸೀತಾಲಕ್ಷ್ಮಿ ಒಬ್ಬಳೇ. ಏನಾಯಿತೆಂದು ಅವಳು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ.

ಮುಂದೆ ಅವಳ ಮಗಳು ಅದೇ ಕಾಲೇಜು ಸೇರಿ ಅವನ ವಿದ್ಯಾರ್ಥಿಯಾದಳು. ಜಯಮಾಲಾಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಒಂದು ದಿನ ಕ್ಲಾಸಿನಲ್ಲಿ ಅವಳು ಕೈ ಎತ್ತಿ ಕೇಳಿದಳು: ಪೆಟಾಲಿಂಗ್ ಜಯಾದ ಒಂದು ಫ್ಲ್ಯಾಟಿನ ಬಡವರ ಬದುಕನ್ನೇ ಸರ್ಕಾರ ತಿದ್ದಲಾರದು ಎನ್ನುತ್ತೀರಿ, ಹಾಗಾದರೆ ಬಾಗ್ದಾದನ್ನು ಸೈನ್ಯ ಹೇಗೆ ತಿದ್ದುತ್ತದೆ ಸಾರ್? ಕ್ಲಾಸು ನಕ್ಕಿತು. ರೇಮಂಡ್ ಕೂಡ ನಕ್ಕು, ಒಳ್ಳೆಯ ಪ್ರಶ್ನೆ ಎಂದ. ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆಗೆದುಕೊಂಡು ಮುಂದಿನ ವಾರ ನೋಡೋಣ ಎಂದ. ಮುಂದಿನ ವಾರ ಬೇರೆ ಪಾಠವಿತ್ತು. ಸೆಮಿಸ್ಟರಿನ ಕೊನೆಗೆ ಅವಳಿಗೆ ಎಲ್ಲರಿಗಿಂತ ಹೆಚ್ಚಿನ ಗ್ರೇಡು ಕೊಟ್ಟ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಊರು ಮುಚ್ಚಿತು. ಕಾಲೇಜು ಲ್ಯಾಪ್‌ಟಾಪಿನೊಳಗೆ ಹೋಯಿತು, ಕ್ಯಾಂಟೀನು ಎಲ್ಲಿಗೂ ಹೋಗಲಿಲ್ಲ, ನಿಂತೇ ಹೋಯಿತು. ಜಯಮಾಲಾ ಅಷ್ಟರಲ್ಲಿ ಮದುವೆಯಾಗಿ, ಕ್ಲಾಂಗ್ ಬಂದರಿನ ಗೋದಾಮೊಂದರಲ್ಲಿ ಗುಮಾಸ್ತೆಯಾಗಿ ಅಲ್ಲೇ ಇದ್ದಳು. ಸೀತಾಲಕ್ಷ್ಮಿ ಒಬ್ಬಳೇ. ಏಪ್ರಿಲಿನಲ್ಲಿ ಫ್ಲ್ಯಾಟಿನ ಸಂಘದವರು ಮನೆಮನೆಗೆ ಅಕ್ಕಿ, ಎಣ್ಣೆ, ಮೀನಿನ ಡಬ್ಬಿ ಹಂಚಿದರು. ಸಂಘದ ಕಾರ್ಯದರ್ಶಿಯಾಗಿ ರೇಮಂಡ್ ತಾನೇ ಹೋಗಿ ಅವಳ ಬಾಗಿಲು ತಟ್ಟಿದ. ಅವಳು ಚೀಲ ಮುಟ್ಟಲಿಲ್ಲ. "ಚಿಕ್ಕ ಮಕ್ಳಿರೋರಿಗೆ ಕೊಡಿ ಸಾರ್. ನಂಗೆ ಕೈಕಾಲು ಗಟ್ಟಿಯಿದೆ, ಹಿಟ್ಟು ರುಬ್ಬಿ ಮಾರ್ತೀನಿ" ಎಂದಳು. ಆ ವಾರದಿಂದಲೇ ದೋಸೆಹಿಟ್ಟನ್ನು ಪ್ಯಾಕೆಟ್ಟು ಮಾಡಿ, ವಾಟ್ಸಾಪಿನಲ್ಲಿ ಆರ್ಡರ್ ಹಿಡಿದು ಮಾರಲು ಶುರುಮಾಡಿದಳು.

ರೇಮಂಡ್ ಆಗ ಒಂದು ಇಂಗ್ಲಿಷ್ ಜಾಲಪತ್ರಿಕೆಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದ. ಅಂದೇ ಕೂತು ಮೂರನೇ ಮಹಡಿಯ ಹೆಂಗಸಿನ ಬಗ್ಗೆ ಬರೆದ. ಹೆಸರು ಹಾಕಲಿಲ್ಲ, ಉಳಿದದ್ದೆಲ್ಲ ಹಾಕಿದ: ಗಣಿ, ಲಾರಿ, ತೆಂಗಿನಕಾಯಿ, ತಿರುಗಿ ಕಳಿಸಿದ ಚೀಲ. ಒಂದು ಸಮಾಜ ನಿಂತಿರುವುದು ಇಂಥವರ ನಾಚಿಕೆಯ ಮೇಲೆ, ಅದನ್ನು ಕರುಣೆಯಿಂದ ಕೆಡಿಸಬೇಡಿ ಎಂದು ಮುಗಿಸಿದ. ಇಪ್ಪತ್ತೈದು ವರ್ಷ ಪುಸ್ತಕದಿಂದ ಹೇಳಿದ್ದಕ್ಕೆ ಒಬ್ಬ ಜೀವಂತ ಹೆಂಗಸಿನ ಸಾಕ್ಷಿ ಸಿಕ್ಕಿತ್ತು. ಅವನ ಯಾವ ಬರಹವನ್ನೂ ಜನ ಅಷ್ಟು ಹಂಚಿರಲಿಲ್ಲ. ತಮಿಳು ಪತ್ರಿಕೆಯೊಂದು ಅನುವಾದಿಸಿತು. ಜಯಮಾಲಾ ಅದನ್ನು ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಹಾಕಿಸಿ ಅಮ್ಮನಿಗೆ ಕಳಿಸಿದಳು. ಸೀತಾಲಕ್ಷ್ಮಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮಾರಿಯಮ್ಮನ ಗುಡಿ ಮತ್ತೆ ತೆರೆದ ದಿನ ಪರಿಚಯದ ಹೆಂಗಸರು ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರಂತೆ. ಮೆಟ್ಟಿಲ ಮೇಲೆ ಸಿಕ್ಕಿದಾಗ ಅವಳು ರೇಮಂಡ್‌ಗೆ ಇದನ್ನು ಹೇಳಿ, ಮಾಸ್ಕಿನೊಳಗೇ ನಕ್ಕಳು.

ಅದು ಮೊದಲ ವರ್ಷ. ಎರಡನೇ ವರ್ಷದ ಜೂನಿನಲ್ಲಿ ಊರು ಮತ್ತೆ ಪೂರ್ತಿ ಮುಚ್ಚಿದಾಗ ಜನರಲ್ಲಿ ಏನೂ ಉಳಿದಿರಲಿಲ್ಲ. ಹಿಟ್ಟು ಕೊಳ್ಳುತ್ತಿದ್ದವರು ತಾವೇ ರುಬ್ಬಿಕೊಂಡರು, ಕೆಲವರು ಅವಳಂತೆಯೇ ಮಾರಲು ನಿಂತರು. ಆಗ ಯಾರೋ ಶುರುಮಾಡಿದ ಮಾತು ದೇಶಕ್ಕೆಲ್ಲ ಹಬ್ಬಿತು: ಮನೆಯಲ್ಲಿ ಊಟಕ್ಕಿಲ್ಲದವರು ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ. ಕೇಳುವುದು ಬೇಡ, ಬೇಡುವುದು ಬೇಡ, ಬಟ್ಟೆ ಕಟ್ಟಿದರೆ ಸಾಕು, ಕಂಡವರು ತಂದುಕೊಡುತ್ತಾರೆ. ಜುಲೈ ಮೊದಲ ವಾರಕ್ಕೆ ರೇಮಂಡ್ ಇದ್ದ ಕಟ್ಟಡದಲ್ಲೇ ಏಳು ಬಟ್ಟೆಗಳು ಕಾಣಿಸಿಕೊಂಡವು. ಟವೆಲು, ತಲೆದಿಂಬಿನ ಚೀಲ, ಶಾಲೆಯ ಯೂನಿಫಾರ್ಮಿನ ಅಂಗಿ. ಕೆಳಗೆ ಕಾರು ನಿಲ್ಲಿಸಿ ಗುರುತಿಲ್ಲದ ಜನ ಮೊಟ್ಟೆ, ನೂಡಲ್ಸು ಇಳಿಸಿ ಹೋಗುತ್ತಿದ್ದರು.

ಒಂದು ಸಂಜೆ ಕ್ರಿಸ್ಟಿನ್ ಬಟ್ಟೆ ಮಡಿಸುತ್ತಾ, ಸೀತಮ್ಮನ ಮನೆಯಿಂದ ಒಗ್ಗರಣೆಯ ವಾಸನೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದಳು. ರೇಮಂಡ್‌ಗೆ ನೆನಪಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಅಕ್ಕಿ, ಬೇಳೆ, ಒಂದಿಷ್ಟು ತರಕಾರಿಯನ್ನು ಚೀಲಕ್ಕೆ ತುಂಬಿದಳು. ರೇಮಂಡ್ ಬಾಗಿಲ ಬಳಿ ಅವಳನ್ನು ತಡೆದ.

"ಎಂತ ಮಾಡ್ತಾ ಇದ್ದಿ?"

"ಕೊಟ್ಟು ಬರ್ತೇನೆ. ಎರಡೇ ನಿಮಿಷ."

"ಅವಳು ಬಟ್ಟೆ ಕಟ್ಟಿದ್ದಾಳಾ? ಇಲ್ಲ ಅಲ್ಲ? ಬೇಕಾದ್ರೆ ಹೇಳ್ತಾಳೆ. ಕೇಳದೆ ಕೊಟ್ರೆ ಅವಳ ಮರ್ಯಾದೆ ತೆಗೆದ ಹಾಗೆ."

"ಹಸಿವಾದವರಿಗೆ ಮರ್ಯಾದೆ ಎಲ್ಲಿಂದ ರೇಮಂಡ್?"

"ಅವಳಿಗೆ ಉಂಟು. ಅವಳಲ್ಲಿ ಉಳಿದಿರುವುದು ಅದೊಂದೇ, ಅದನ್ನೂ ನೀನು ಕಸಿಯಬೇಡ."

ಅವರಿಬ್ಬರೂ ಮನೆಯಲ್ಲಿ ಕೊಂಕಣಿ ಮಾತಾಡುವವರು. ಆ ಸಂಜೆ ಈ ಮಾತುಗಳೂ ಕೊಂಕಣಿಯಲ್ಲೇ ಆದವು, ದನಿ ಏರಲಿಲ್ಲ. ಕ್ರಿಸ್ಟಿನ್ ಗಂಡನ ಮುಖ ನೋಡಿ ಚೀಲವನ್ನು ಕೆಳಗಿಟ್ಟಳು. ಮುಂದೆ ಎಷ್ಟೋ ಸಲ ತನ್ನನ್ನೇ ಬೈದುಕೊಂಡಳು, ಅವನು ವಾದ ಮಾಡಲಿ, ನಾನೇಕೆ ಚೀಲ ಕೆಳಗಿಟ್ಟೆ ಎಂದು.

ಆ ವಾರದ ಅಂಕಣವನ್ನು ರೇಮಂಡ್ ಬಿಳಿ ಬಟ್ಟೆಯ ಮೇಲೆಯೇ ಬರೆದ. ಸಿಟ್ಟಿನಿಂದಲ್ಲ, ದುಃಖದಿಂದ ಬರೆಯುತ್ತಿದ್ದೇನೆ ಎಂದು ಅವನೇ ನಂಬಿದ್ದ. ಕೊಡುವವರ ಮನಸ್ಸು ದೊಡ್ಡದು, ಒಪ್ಪಿದೆ. ಆದರೆ ಇಂದು ಸಂಕಟಕ್ಕೆ ಕಟ್ಟಿದ ಬಟ್ಟೆ ನಾಳೆ ರೂಢಿಗೆ ಕಟ್ಟಿದ ಬಟ್ಟೆಯಾಗುತ್ತದೆ. ಕೈಚಾಚಲು ಇದ್ದ ನಾಚಿಕೆ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಕೊನೆಯ ಪ್ಯಾರಾದಲ್ಲಿ, ನಮ್ಮ ಕಟ್ಟಡದಲ್ಲಿ ಏಳು ಬಟ್ಟೆಗಳಿವೆ, ಆದರೆ ಮೂರನೇ ಮಹಡಿಯ ಒಂದು ಕಿಟಕಿ ಬರಿದಾಗಿದೆ, ಕಳೆದ ವರ್ಷ ಓದುಗರು ಪ್ರೀತಿಸಿದ ಹೆಂಗಸಿನ ಕಿಟಕಿ ಅದು ಎಂದು ಬರೆದ. ಈ ಸಲ ಹೊಗಳಿದವರೂ ಉಗಿದವರೂ ಸಮನಾಗಿದ್ದರು. ಸಂಪಾದಕ ಖುಷಿಯಾಗಿದ್ದ.

ಹನ್ನೊಂದು ದಿನಗಳ ನಂತರ, ಬೆಳಿಗ್ಗೆ ಹತ್ತರ ಕ್ಲಾಸು ನಡೆಯುತ್ತಿರುವಾಗಲೇ ಜಯಮಾಲಾಳ ಫೋನು ಬಂತು. ಎರಡು ಸಲ ತೆಗೆಯಲಿಲ್ಲ, ಮೂರನೇ ಸಲ ತೆಗೆದ. ಅವಳಿಗೂ ಗಂಡನಿಗೂ ಕೊರೊನಾ ಬಂದು ಮನೆಯಿಂದ ಹೊರಬೀಳುವಂತಿರಲಿಲ್ಲ. ಅಮ್ಮ ನಿನ್ನೆಯಿಂದ ಫೋನು ಎತ್ತುತ್ತಿಲ್ಲ, ಸ್ವಲ್ಪ ನೋಡಿ ಸಾರ್ ಎಂದಳು. ರೇಮಂಡ್ ವಿದ್ಯಾರ್ಥಿಗಳಿಗೆ ಹೇಳದೆಯೇ ಎದ್ದು ಹೋದ. ಬಾಗಿಲು ತಟ್ಟಿದ, ಕೂಗಿದ. ಕೆಳಗಿನ ಮೋಟರ್ ಸೈಕಲ್ ಮೆಕಾನಿಕ್ ಬಂದು ಕಬ್ಬಿಣದ ಸಲಾಕೆಯಿಂದ ಬೀಗ ಮುರಿದ.

ಮೊದಲು ಬಡಿದದ್ದು ವಾಸನೆ. ಸೀತಾಲಕ್ಷ್ಮಿ ಹಜಾರದಲ್ಲಿ ಚಾಪೆಯ ಮೇಲೆ ಮಲಗಿದ್ದಳು, ಕಣ್ಣು ತೆರೆದಿತ್ತು, ಗುರುತು ಹತ್ತಿದಂತಿರಲಿಲ್ಲ. ಸೀರೆಯ ತುಂಡು ಸುತ್ತಿದ್ದ ಬಲಗಾಲು ಪಾದದಿಂದ ಮೇಲಕ್ಕೆ ಕಪ್ಪಗಾಗಿತ್ತು. ಸಕ್ಕರೆ ಕಾಯಿಲೆ ಇದ್ದವಳು. ಆಂಬುಲೆನ್ಸಿಗೆ ಕಾಯುವಾಗ ರೇಮಂಡ್ ನೀರು ತರಲು ಅಡುಗೆಮನೆಗೆ ಹೋದ. ಅಕ್ಕಿಯ ಡಬ್ಬದ ತಳ ಕಾಣುತ್ತಿತ್ತು. ಅರ್ಧ ಪ್ಯಾಕೆಟ್ ಉಪ್ಪು ಬಿಸ್ಕತ್ತು, ಚಹಾಪುಡಿ, ಸಕ್ಕರೆ. ಬೇರೇನೂ ಇರಲಿಲ್ಲ. ಬಾಗಿಲ ಹಿಂದೆ ಗೋಡೆಗೆ ಒಂದು ಕೋಲು ಒರಗಿಸಿತ್ತು. ಕೋಲಿನ ತುದಿಗೆ ಗಂಡನ ಹಳೇ ಬಿಳಿ ಪಂಚೆಯ ಅರ್ಧವನ್ನು ನೀಟಾಗಿ ಹರಿದು, ಎರಡು ಗಂಟು ಹಾಕಿ ಕಟ್ಟಿತ್ತು.

ಸರ್ಕಾರಿ ಆಸ್ಪತ್ರೆಗಳ ಅಂಗಳದಲ್ಲೆಲ್ಲ ಆಗ ಹಾಸಿಗೆ ಹಾಕಿದ್ದರು. ಅವಳನ್ನು ಒಳಗೆ ತೆಗೆದುಕೊಂಡರು, ಜೊತೆಗೆ ಯಾರನ್ನೂ ಬಿಡಲಿಲ್ಲ. ಮೂರನೇ ದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಜೀವ ಉಳಿಯಿತು.

ಆ ಕೋಲಿನ ಕಥೆಯನ್ನು ರೇಮಂಡ್‌ಗೆ ಹೇಳಿದವಳು ಜಯಮಾಲಾ, ಫೋನಿನಲ್ಲೇ. ಯಾವಾಗಲೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು ಅಂದು ತನಗೆ ಬರುವ ಮುರುಕು ಕನ್ನಡದಲ್ಲಿ, ಅಲ್ಲಿನವರ ಯಾ, ಲಾ ಸೇರಿಸಿಕೊಂಡು ಹೇಳಿದಳು. ಅವನಿಗೆ ಚೆನ್ನಾಗಿ ಅರ್ಥವಾಗಲಿ ಅಂತಲೋ, ಅಮ್ಮ ಹೇಳಿದ್ದನ್ನು ಹಾಗೆಯೇ ಒಪ್ಪಿಸಲಿಕ್ಕೋ.

"ಅಮ್ಮ ಬಟ್ಟೆ ಕಟ್ಟಿ ರೆಡಿ ಇಟ್ಟಿದ್ಳು ಸಾರ್. ಕಿಟ್ಕಿಗೆ ಹಾಕ್ಬೇಕು ಅಂತ ಹೋದ್ಳು. ಅಷ್ಟರಲ್ಲಿ ನಿಮ್ಮ ಆರ್ಟಿಕಲ್ ಬಂತು. ನಾನೇ ಫಾರ್ವರ್ಡ್ ಮಾಡ್ದೆ. ನೋಡಮ್ಮ, ಸಾರ್ ಮತ್ತೆ ನಿನ್ನ ಬಗ್ಗೆ ಬರ್ದಿದಾರೆ, ಓದಿ ಹೇಳ್ತೀನಿ ಅಂತ ಫೋನಲ್ಲಿ ಓದ್ದೆ. ಸಾರ್ ಹಾಗೆ ಬರ್ದ ಮೇಲೆ ನಾನು ಹೇಗೆ ಕಟ್ಲಿ ಅಂತ ಈಗ ಹೇಳ್ತಾಳೆ. ಕಾಲಲ್ಲಿ ಗಾಯ ಆಗ್ಲೇ ಇತ್ತು, ನಂಗೂ ಹೇಳಿಲ್ಲ. ಊಟ ಇಲ್ದೆ ಇನ್ಸುಲಿನ್ ಹಾಕ್ಕೊಂಡ್ರೆ ತಲೆ ಸುತ್ತುತ್ತೆ ಅಂತ ಅದನ್ನೂ ಬಿಟ್ಟಿದ್ಳು."

ರೇಮಂಡ್ ತನಗೆ ಗೊತ್ತಿರಲಿಲ್ಲ ಎಂದ.

"ಗೊತ್ತಿರ್ಲಿಲ್ಲ, ಯಾ. ಒಂದು ಮಹಡಿ ಮೇಲೆ ಲಾ, ಸಾರ್. ಹತ್ತಿ ಕೇಳಿದ್ರೆ ಗೊತ್ತಾಗ್ತಿತ್ತು." ಆಮೇಲೆ ಅವಳು ಇಂಗ್ಲಿಷಿಗೆ ಹೊರಳಿ, ಒಳ್ಳೆಯದು ಮಾಡಲು ಹೋದವರು ಬಯಸದೇ ಇದ್ದದ್ದನ್ನು ಮಾಡಿಬಿಡುತ್ತಾರೆ ಅಂತ ನೀವೇ ಪಾಠ ಮಾಡಿದ್ದು, ಅದು ಹೊಗಳುವವರಿಗೂ ಅನ್ವಯಿಸುತ್ತದೆ ಅಂತ ಮಾತ್ರ ನೀವು ಹೇಳಲಿಲ್ಲ ಎಂದಳು. ಫೋನು ಇಟ್ಟಳು.

ಅವನು ಬಾಲ್ಕನಿಗೆ ಹೋಗಿ ಕೂತ. ತನ್ನನ್ನು ಸಮರ್ಥಿಸಿಕೊಳ್ಳುವ ವಾದಗಳು ಅವನಿಗೆ ಒಂದೊಂದಾಗಿ ಹೊಳೆದವು. ಅದೇ ಅವನನ್ನು ಹೆಚ್ಚು ನಾಚಿಸಿತು. ಒಬ್ಬಳ ಕಥೆಯಿಂದ ಒಂದು ತತ್ವ ಸುಳ್ಳಾಗುವುದಿಲ್ಲ ಎಂದು ವಾದಿಸಬಹುದಿತ್ತು. ಆದರೆ ಒಬ್ಬಳ ಕಥೆಯಿಂದ ಅದು ನಿಜ ಎಂದು ಊರಿಗೆಲ್ಲ ಹೇಳಿದವನು ಅವನೇ. ಪೋಲೆಂಡಿನ ಕಾರ್ಮಿಕರ ವಿಷಯದಲ್ಲಿ ಅಂದು ತಾನು ಸರಿಯಾಗಿದ್ದೆ ಎಂಬುದರಲ್ಲಿ ಅವನಿಗೆ ಈಗಲೂ ಸಂದೇಹವಿರಲಿಲ್ಲ. ಆ ಒಂದು ಸರಿಯನ್ನು ನಲವತ್ತು ವರ್ಷ ಬಂಡವಾಳ ಮಾಡಿಕೊಂಡು ಬದುಕಿದೆನಲ್ಲಾ ಎಂದುಕೊಂಡ. ಕೂಟದ ಆ ಮೆಟ್ಟಿಲ ಮೇಲೆ ನಿತ್ಯಾನಂದ ತತ್ವ ಉಳಿಯಲೆಂದು ಮನುಷ್ಯರ ಕಡೆ ನೋಡಲಿಲ್ಲ. ಬಾಗಿಲ ಬಳಿ ಹೆಂಡತಿಯ ಕೈಯ ಚೀಲ ತಡೆದ ತಾನಾದರೂ ಏನು ಮಾಡಿದೆ?

ಸಂಗತಿ ಹೇಗೋ ಸಂಪಾದಕನ ಕಿವಿಗೆ ಬಿತ್ತು. ಅವನು ಫೋನು ಮಾಡಿ, ನಾನು ತಪ್ಪಿದ್ದೆಲ್ಲಿ ಎಂದು ಒಂದು ಲೇಖನ ಕೊಡಿ, ಜನ ಮುಗಿಬಿದ್ದು ಓದುತ್ತಾರೆ ಎಂದ. ರೇಮಂಡ್‌ಗೆ ಅದರಲ್ಲಿ ಸಂದೇಹವಿರಲಿಲ್ಲ. ಒಂದು ಸಲ ಅಂಥ ಲೇಖನ ಬರೆದು ಅವನು ಸಮುದ್ರ ದಾಟಿದ್ದ. ಮೊದಲ ವಾಕ್ಯ ಕೂಡ ತಲೆಯಲ್ಲಿ ತಾನಾಗಿ ಕಟ್ಟಿಕೊಂಡಿತ್ತು, ಚೆನ್ನಾಗಿಯೇ ಇತ್ತು. ಸೀತಾಲಕ್ಷ್ಮಿಯ ಕಾಲನ್ನೂ ಉದಾಹರಣೆಯಾಗಿ ಕೊಡಲಾರೆ ಎಂದು ಅನ್ನಿಸಿ, ಬರೆಯುವುದಿಲ್ಲ ಎಂದ. ಆ ವಾರದಿಂದ ಅಂಕಣವನ್ನೇ ನಿಲ್ಲಿಸಿದ. ವರ್ಷದ ಕೊನೆಗೆ ವಿದ್ಯಾರ್ಥಿಗಳು ಕಡಿಮೆಯಾಗಿದ್ದಾರೆಂದು ಕಾಲೇಜು ಅವನ ವಿಷಯವನ್ನು ತೆಗೆದುಹಾಕಿತು, ಅವನನ್ನೂ.

ಅದಕ್ಕೂ ಮೊದಲು, ಅಕ್ಟೋಬರಿನಲ್ಲಿ ಓಡಾಟಕ್ಕೆ ಬಿಟ್ಟ ಮೇಲೆ, ರೇಮಂಡ್ ಕ್ಲಾಂಗಿಗೆ, ಸೀತಾಲಕ್ಷ್ಮಿ ಇದ್ದ ಮಗಳ ಮನೆಗೆ ಹೋದ. ಕ್ರಿಸ್ಟಿನ್ ಜೊತೆಗೆ ಬರಲು ಒಪ್ಪಲಿಲ್ಲ. ಅವಳು ತಾನಾಗಿ ಒಮ್ಮೆ ಹೋಗಿಬಂದಿದ್ದಳು, ಅವನಿಗೆ ಹೇಳಿರಲಿಲ್ಲ. ಜಯಮಾಲಾ ಬಾಗಿಲು ತೆರೆದು, ಒಳಗೆ ಬನ್ನಿ ಎನ್ನದೆ ಪಕ್ಕಕ್ಕೆ ಸರಿದು ನಿಂತಳು. ಸೀತಾಲಕ್ಷ್ಮಿ ಗಾಲಿಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಸೊರಗಿದ್ದಳು. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು, ಕ್ರಿಸ್ಟಿನ್ ಹೇಗಿದ್ದಾರೆ, ನಿಮಗೆ ಎರಡೂ ಇಂಜೆಕ್ಷನ್ ಆಯಿತೇ ಎಂದು ವಿಚಾರಿಸಿದಳು. ಅವನು ಕ್ಷಮೆ ಕೇಳಲು ಬಾಯಿ ತೆರೆದಾಗ ಕೈ ಅಡ್ಡ ಹಿಡಿದಳು.

"ಬೇಡ ಸಾರ್. ನೀವು ಕೆಟ್ಟದ್ದು ಬರೀಲಿಲ್ಲ. ನಂಗೂ ಅದು ಖುಷಿಯಾಗಿತ್ತು, ಅದೇ ತಪ್ಪಾಯ್ತು." ಬೆಳ್ಳುಳ್ಳಿಯ ಸಿಪ್ಪೆ ಒಟ್ಟುಮಾಡಿದಳು. "ಒಂದು ಕೆಲ್ಸ ಇದೆ. ಅಂಗವಿಕಲರಿಗೆ ಸರ್ಕಾರ ತಿಂಗ್ಳು ತಿಂಗ್ಳು ಏನೋ ಕೊಡುತ್ತಂತೆ. ಅರ್ಜಿ ಹಾಕ್ಬೇಕು. ಇವ್ಳಿಗೆ ರಜೆ ಸಿಗಲ್ಲ. ನೀವು ಬರೀತೀರಾ?"

ಅವನು ಮೇಜಿನ ಮೇಲೆ ಫಾರಂ ಹರಡಿಕೊಂಡು ಬರೆದ. ಮಲಯ ಭಾಷೆಯ ಫಾರಂ. ಹೆಸರು, ಗುರುತಿನ ಚೀಟಿಯ ಸಂಖ್ಯೆ, ವಯಸ್ಸು ಬರೆದು ಮುಗಿಸಿ, ನೆರವು ಏಕೆ ಬೇಕು ಎನ್ನುವ ಜಾಗಕ್ಕೆ ಬಂದಾಗ ಏನು ಬರೆಯಲಿ ಎಂದು ಕೇಳಿದ. ದುಡಿಯಲು ಆಗುವುದಿಲ್ಲ ಎಂದೋ, ಮಗಳಿಗೆ ಭಾರವಾಗಲು ಇಷ್ಟವಿಲ್ಲ ಎಂದೋ ಅವಳು ಹೇಳಬಹುದೆಂದು ಕಾದ.

"ಊಟಕ್ಕೆ, ಔಷಧಿಗೆ ಬೇಕು ಅಂತ ಬರೀರಿ" ಎಂದಳು. "ಬೇರೆ ಏನೂ ಬರೀಬೇಡಿ. ಗಣಿ ಗಿಣಿ ಏನೂ ಬೇಡ."

ಅವನು ಅಷ್ಟೇ ಬರೆದ. ಹೊರಡುವಾಗ ಗೇಟಿನ ತನಕ ಬಂದ ಜಯಮಾಲಾ, ಇದರ ಬಗ್ಗೆ ಎಲ್ಲಿಯೂ ಬರೆಯಬೇಡಿ, ಅಮ್ಮ ಕ್ಷಮಿಸಿದ್ದಾಳೆ, ನನ್ನಿಂದ ಆಗಿಲ್ಲ ಎಂದಳು. ನಿಮ್ಮನ್ನು ಮಾತ್ರವಲ್ಲ, ಆ ಆರ್ಟಿಕಲ್ ಫಾರ್ವರ್ಡ್ ಮಾಡಿದ ನನ್ನನ್ನೂ ಎಂದು ಸೇರಿಸಿದಳು. ಅವನು ಮಾತು ಕೊಟ್ಟ.

ಮರುದಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತ. ಅವನ ಹಿಂದೆ ಮುಂದೆ ಊರುಗೋಲಿನವರು, ಮಗುವನ್ನು ಎತ್ತಿಕೊಂಡವರು, ಮಾಸ್ಕಿನೊಳಗೆ ಕೆಮ್ಮುವ ಮುದುಕರು. ಯಾರೂ ನಾಚಿಕೆ ಬಿಟ್ಟವರಂತೆ ಕಾಣಲಿಲ್ಲ. ಎಲ್ಲರೂ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಕೌಂಟರಿನ ಹುಡುಗಿ ಫಾರಂ ತಿರುಗಿಸಿ ನೋಡಿ, ಅರ್ಜಿದಾರರಿಗೆ ನೀವು ಏನಾಗಬೇಕು ಎಂದು ಮಲಯದಲ್ಲಿ ಕೇಳಿದಳು. ಅವನು "ಜಿರಾನ್" ಎಂದ. ನೆರೆಯವನು. ಹುಡುಗಿ ಅದನ್ನು ಬರೆದುಕೊಂಡು ಸೀಲು ಒತ್ತಿದಳು.

ಅರ್ಜಿ ಒಮ್ಮೆ ವಾಪಸು ಬಂತು, ದುಡಿಯುವ ಮಗಳಿದ್ದಾಳೆ ಎಂಬ ಕಾರಣಕ್ಕೆ. ರೇಮಂಡ್ ಮತ್ತೆ ಹೋಗಿ ನಿಂತ, ಮತ್ತೆ ಬರೆದ. ಮುಂದಿನ ವರ್ಷದ ಮಾರ್ಚಿನಲ್ಲಿ ಜಯಮಾಲಾಳಿಂದ ಒಂದು ಮೆಸೇಜು ಬಂತು. ಅಪ್ರೂವ್ಡ್ ಎಂಬ ಒಂದೇ ಪದ. ಹಿಂದೆ ಅವಳ ಪ್ರತಿ ಮೆಸೇಜಿನ ಕೊನೆಗೂ ಇರುತ್ತಿದ್ದ ಸಾರ್ ಅದರಲ್ಲಿ ಇರಲಿಲ್ಲ.